ಎಡದ ರಬ್ಬರು

ನಮ್ಮ ಭಾವ ಕೈಗಡಿಯಾರ ರಿಪೇರಿ ಮಾಡುವವರು. ದಿನವಿಡೀ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗುಗಳ ಮುಂದೆ ಉಸಿರು ಬಿಗಿಹಿಡಿದು ಕೂರುವ ಈ ಮನುಷ್ಯನಿಗೆ ಐವತ್ತರ ಹೊಸ್ತಿಲಲ್ಲಿ ಇದ್ದಕ್ಕಿದ್ದಂತೆ ಕಾಡಿನಲ್ಲಿ ಬದುಕುವ ಹುಚ್ಚು ಹಿಡಿಯಿತು. ಎಲ್ಲಿಂದಲೋ ಒಂದು ಪುಸ್ತಕ ತಂದರು. ಕೈಯಲ್ಲೊಂದು ಕವಣೆ ಇದ್ದವನು ಕಾಡಿನಲ್ಲಿ ಹಸಿದು ಸಾಯುವುದಿಲ್ಲ ಎಂದು ಅದರಲ್ಲಿ ಬರೆದಿತ್ತಂತೆ. ಬಸ್ ನಿಲ್ದಾಣದಲ್ಲಿ ತಮ್ಮ ಬಸ್ಸನ್ನೇ ಹುಡುಕಲಾರದ ಮಹಾನುಭಾವರಿಗೆ ಮೊಲಗಳೆಲ್ಲ ಸಾಲಾಗಿ ಬಂದು ತಲೆಯೊಡ್ಡುವುದು ಬಾಕಿ ಇತ್ತು.

ಕವಲುಕೊಂಬೆಯನ್ನು ತಾವೇ ಕೆತ್ತಿದರು. ರಬ್ಬರಿಗೆ ನನ್ನ ಪಂಕ್ಚರ್ ಅಂಗಡಿಗೆ ಬಂದರು. ತೆಪ್ಪಗೆ ತೆಗೆದುಕೊಂಡು ಹೋಗಿದ್ದರೆ ಮುಗಿಯುತ್ತಿತ್ತು. ಇಪ್ಪತ್ತು ವರ್ಷದಿಂದ ಟ್ಯೂಬಿನಲ್ಲೇ ಕೈಯಾಡಿಸುತ್ತಿರುವ ನನಗೆ ರಬ್ಬರಿನ ಗುಣಧರ್ಮದ ಬಗ್ಗೆ ಅರ್ಧ ಗಂಟೆ ಪಾಠ ಹೇಳಿದರು. ನನಗೆ ಪಿತ್ತ ನೆತ್ತಿಗೇರಿತು. ಎಡದ ಪಟ್ಟಿಯನ್ನು ಹೊಸ ಟ್ಯೂಬಿನಿಂದ ಕತ್ತರಿಸಿದೆ, ಬಲದ್ದನ್ನು ಜೀವ ಹೋದ ಹಳೇ ಟ್ಯೂಬಿನಿಂದ. ನೋಡಲು ಎರಡೂ ಒಂದೇ. ಎಳೆದು ಬಿಟ್ಟರೆ ಮಾತ್ರ ಎಡದ್ದು ಜಗ್ಗುತ್ತದೆ, ಬಲದ್ದು ಆಕಳಿಸುತ್ತದೆ.

ಅಂದಿನಿಂದ ಭಾವ ಹೊಡೆದ ಕಲ್ಲು ಗುರಿಯಿಂದ ಎರಡು ಮಾರು ಎಡಕ್ಕೇ ಹೋಗತೊಡಗಿತು. ತಾರಸಿಯ ಮೇಲೆ ಡಬ್ಬ ಇಟ್ಟು ಹೊಡೆದರೆ ಪಕ್ಕದ ಮನೆಯ ಹೂಕುಂಡ ಒಡೆಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಂದು ವಾರ ನಕ್ಕು ನಿಜ ಹೇಳುವುದೆಂದುಕೊಂಡಿದ್ದೆ. ಅಷ್ಟರಲ್ಲಿ ಭಾವ ಕನ್ನಡಕ ಬದಲಾಯಿಸಿದರು. ತಿಂಗಳೊಳಗೆ ಮತ್ತೊಂದು. ಆಮೇಲೆ ಹೆಂಗಸರ ಸಣ್ಣ ಗಡಿಯಾರಗಳನ್ನು ರಿಪೇರಿಗೆ ತೆಗೆದುಕೊಳ್ಳದೆ ವಾಪಸ್ಸು ಕಳಿಸತೊಡಗಿದರು.

"ಕಣ್ಣು ಕೈಕೊಡ್ತಿದೆ ಕಣೋ," ಎಂದರು ಒಂದು ದಿನ. "ಅಂಗಡಿ ಇನ್ನೆಷ್ಟು ದಿನ ನಡೆಸ್ತೀನೋ ಗೊತ್ತಿಲ್ಲ. ಅಕ್ಕನಿಗೆ ಹೇಳ್ಬೇಡ."

ಹೇಳಬೇಕಾದದ್ದು ಆಗಲೇ. ಅದರ ಬದಲು "ಕ್ಯಾರೆಟ್ ತಿನ್ನಿ ಭಾವ," ಎಂದು ಬುದ್ಧಿ ಹೇಳಿದೆ. ನನ್ನದು ಅಷ್ಟು ದೊಡ್ಡ ಮನಸ್ಸು.

ಕಣ್ಣು ಪೂರ್ತಿ ಹೋಗುವ ಮುಂಚೆ ಒಮ್ಮೆ ಕಾಡು ನೋಡಿಬಿಡುತ್ತೇನೆಂದು ಹಟ ಹಿಡಿದು ಭಾವ ನನ್ನನ್ನೂ ಅಕ್ಕನನ್ನೂ ಕಾಡಂಚಿನ ನದಿಯ ದಂಡೆಗೆ ಹೊರಡಿಸಿದರು. ಊಟಕ್ಕೆ ಏನನ್ನೂ ತರಕೂಡದು, ಕವಣೆ ಕೊಟ್ಟದ್ದನ್ನೇ ತಿನ್ನಬೇಕು ಎಂದು ಅಪ್ಪಣೆಯಾಯಿತು. ಮಧ್ಯಾಹ್ನದವರೆಗೆ ಕವಣೆ ಕೊಟ್ಟದ್ದು ಹಸಿವೊಂದನ್ನೇ. ಮೊದಲ ಕಲ್ಲಿಗೆ ಬೆಚ್ಚಿದ ಕಾಡುಪಾರಿವಾಳಗಳು, ಇವರ ಕೈಗುಣ ತಿಳಿದ ಮೇಲೆ ಹಾರುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಅಕ್ಕ ಸೆರಗಿನ ಮರೆಯಿಂದ ಬ್ರೆಡ್ಡು, ಬೇಯಿಸಿದ ಮೊಟ್ಟೆ ತೆಗೆದಳು. ಬೇಟೆಗಾರರು ಮೂರು ಮೊಟ್ಟೆ ತಿಂದರು.

ನಾನು ಹೊಟ್ಟೆ ತುಂಬಿಸಿಕೊಂಡು, ಮೊಣಕಾಲುದ್ದದ ನೀರು ದಾಟಿ, ನದಿಯ ನಡುವಿನ ಬಂಡೆಯ ಮೇಲೆ ಮಲಗಿದೆ. ಎಚ್ಚರವಾದಾಗ ಚಪ್ಪಲಿ ತೇಲಿಹೋಗಿತ್ತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಬಂಡೆ ಚಾಪೆಯಷ್ಟು ಉಳಿದಿತ್ತು. ನನಗೆ ಈಜು ಬರುವುದಿಲ್ಲ.

ಅಕ್ಕ ದಂಡೆಯಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದಳು. ಭಾವ ಗಾಬರಿಯಾಗಲಿಲ್ಲ. ಕಾಡಿಗೆಂದು ತಂದ ಚೀಲದಿಂದ ಹಗ್ಗ, ಗಾಳದ ದಾರ ತೆಗೆದು, ದಾರದ ತುದಿಗೆ ಸೀಸದ ಗುಂಡು ಕಟ್ಟಿದರು, ಇನ್ನೊಂದು ತುದಿಯನ್ನು ಹಗ್ಗಕ್ಕೆ. ಗುಂಡನ್ನು ಕವಣೆಯಿಂದ ನನ್ನತ್ತ ಹೊಡೆಯುವುದು, ನಾನು ದಾರ ಎಳೆದು ಹಗ್ಗ ಹಿಡಿಯುವುದು. ಇದೂ ಆ ಪುಸ್ತಕದಲ್ಲಿತ್ತು. ಅವರು ನನ್ನ ಎದೆಗೇ ಗುರಿಯಿಟ್ಟರು. ಗುಂಡು ಎರಡು ಮಾರು ಎಡಕ್ಕೆ ಬಿದ್ದು ಕಲ್ಲುಸಂದಿಯಲ್ಲಿ ಸಿಕ್ಕಿಕೊಂಡಿತು. ಎಳೆದರೆ ದಾರ ತುಂಡಾಯಿತು.

"ಇನ್ನೊಂದೇ ಗುಂಡು ಇರೋದು," ಭಾವ ಕೂಗಿದರು. "ಈ ಹಾಳು ಕಣ್ಣು... ನೀನಾದ್ರೂ ಹೊಡಿಯೇ!" ಎಂದು ಕವಣೆಯನ್ನು ಅಕ್ಕನ ಕೈಗೆ ತುರುಕಲು ಹೋದರು.

ನೀರು ಮೊಣಕಾಲಿಗೆ ಬಂದಿತ್ತು. ಪ್ರಾಮಾಣಿಕತೆಗೆ ನನಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕಿರಲಿಲ್ಲ.

"ನಿಮ್ಮ ಕಣ್ಣು ಸರಿಯಾಗಿದೆ ಭಾವ!" ಎಂದು ಅರಚಿದೆ. "ರಬ್ಬರು ಸರಿ ಇಲ್ಲ! ಎಡದ್ದು ಹೊಸದು, ಬಲದ್ದು ಹಳೇದು! ಬೇಕಂತ್ಲೇ ಹಾಗೆ ಹಾಕಿದ್ದೆ! ಬಲಗಡೆ ನೀರಲ್ಲಿ ಪೊದೆ ಇದೆಯಲ್ಲ, ಅದಕ್ಕೆ ಹೊಡೀರಿ!"

"ನನ್ನ ಬಲವೋ, ನಿನ್ನ ಬಲವೋ?"

ನಾನು ಸಾಯುವಾಗಲೂ ಈ ಮನುಷ್ಯನಿಗೆ ಲೆಕ್ಕಾಚಾರ. "ನಿಮ್ಮದೇ! ನಿಮ್ಮದೇ!"

ಭಾವ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಪೊದೆಯತ್ತ ತಿರುಗಿ, ಸ್ಪ್ರಿಂಗು ಕೂರಿಸುವಾಗಿನಂತೆ ಉಸಿರು ಬಿಗಿಹಿಡಿದು ಹೊಡೆದರು. ದಾರ ನೆಟ್ಟಗೆ ನನ್ನ ಹೆಗಲ ಮೇಲೆ ಬಿತ್ತು.

ಹಗ್ಗ ಹಿಡಿದು, ನೀರು ಕುಡಿದು, ದಡ ಸೇರಿದೆ. ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು, ಅತ್ತು ಮುಗಿದ ಮೇಲೆ ಕಪಾಳಕ್ಕೆ ಬಾರಿಸಿದಳು. ಭಾವನ ಪಾಲಿನದಕ್ಕೂ ಇನ್ನೊಂದು ಕೆನ್ನೆ ಸಿದ್ಧವಾಗಿಟ್ಟುಕೊಂಡು ನಿಂತೆ. ಅವರು ಹತ್ತಿರ ಬಂದರು.

"ಹಾಗಾದ್ರೆ ನನ್ನ ಕಣ್ಣಿಗೆ ಏನೂ ಆಗಿಲ್ಲ, ಅಲ್ವೇನೋ?"

"ಏನೂ ಆಗಿಲ್ಲ ಭಾವ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವರ ಮುಖ ಹಿಗ್ಗಿತು. ಕೋಪದ ಸುಳಿವೇ ಇರಲಿಲ್ಲ. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಭಾವ ಹೊಸ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು, ನನ್ನ ಮಣಿಕಟ್ಟನ್ನು ಹಿಡಿದು ನೋಡಿದರು.

"ಗಡಿಯಾರಕ್ಕೆ ನೀರು ಹೋಗಿದೆ. ಬಿಚ್ಚು, ಕೊಡಿಲ್ಲಿ," ಎಂದು ಮರಳ ಮೇಲೆ ಕೂತು, ಚಾಕುವಿನ ತುದಿಯಿಂದ ಅದರ ಹಿಂಬದಿ ತೆರೆದರು.