ಏಳನೆಯ ನಾಣ್ಯದ ಕಲೆ

ಭಾನುವಾರ ಬೆಳಗ್ಗೆ ನಮ್ಮ ಊಟದ ಮೇಜಿನ ಮೇಲೆ ಹತ್ತು ಬೆಳ್ಳಿ ನಾಣ್ಯಗಳು ಬಂದು ಕೂತವು. ನಾಣ್ಯಗಳಲ್ಲ, ಕಂಪ್ಯೂಟರ್ ಪರದೆಯ ಮೇಲೆ ಅವುಗಳ ಫೋಟೋಗಳು. ಅತ್ತಿಗೆ ಕೆಲಸ ಮಾಡುವ ಹಳೇ ನಾಣ್ಯದಂಗಡಿಯ ಯಜಮಾನರು ಕಳಿಸಿದ್ದರು. ಜೊತೆಗೆ ನಾಲ್ಕೇ ಮಾತು: "ಹತ್ತಕ್ಕೂ ಗ್ರೇಡ್ ಹಾಕಿ ಒಂದು ಗಂಟೆಗೆ ತನ್ನಿ. ಒಂದಂಕಿ ಆಚೀಚೆ ಆದರೆ ಪರವಾಗಿಲ್ಲ. ಒಂಬತ್ತು ನನ್ನ ಗ್ರೇಡಿಗೆ ಹೊಂದಿದರೆ ನಾಳೆಯಿಂದ ಗ್ರೇಡ್ ಹಾಕುವ ಕೆಲಸ ನಿಮ್ಮದು. ಇಲ್ಲದಿದ್ದರೆ ನನ್ನ ಅಕ್ಕನ ಮಗ ಬರುತ್ತಾನೆ."

ಅತ್ತಿಗೆ ಆರು ವರ್ಷದಿಂದ ಆ ಅಂಗಡಿಯಲ್ಲಿ ಫೋಟೋ ತೆಗೆಯುತ್ತಿದ್ದರು. ಎರಡು ವರ್ಷದ ಹಿಂದೆ ಯಜಮಾನರ ಕಣ್ಣು ಮಂಜಾದ ಮೇಲೆ ಅವರು ನಾಣ್ಯವನ್ನು ಕೈಗೆತ್ತಿಕೊಳ್ಳುವುದನ್ನೇ ಬಿಟ್ಟು, ಅತ್ತಿಗೆ ತೆಗೆದ ಫೋಟೋವನ್ನು ದೊಡ್ಡ ಪರದೆಯ ಮೇಲೆ ಹಿಗ್ಗಿಸಿ ಗ್ರೇಡ್ ಹೇಳುತ್ತಿದ್ದರು. ಅತ್ತಿಗೆ ಹಿಂದೆ ನಿಂತು ನೋಡುತ್ತಲೇ ಕಲಿತದ್ದು. ಈ ಆರು ವರ್ಷವೂ ಅವರಿಗೆ ಬೇಕಿದ್ದುದು ಒಂದೇ: ಹಿಂದೆ ನಿಲ್ಲುವುದು ಬಿಟ್ಟು ಮುಂದೆ ಕೂರುವುದು.

ನಾನು ಅಂಕಿ ಬರೆದುಕೊಳ್ಳಲು ಕೂತೆ. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ನಮ್ಮಪ್ಪ, ಕರೆಯದೆಯೇ ಬಂದು, ಹಳೇ ಲೆನ್ಸನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಪರದೆಗೆ ಮೂಗು ತಾಗಿಸಿದರು.

"ಅಯ್ಯೋ, ರಾಣಿಗೆ ಸಿಡುಬು ಬಂದಿದೆಯಲ್ಲಮ್ಮ! ಮೈಯೆಲ್ಲ ಚುಕ್ಕಿ!"

"ಅದು ಪರದೆಯ ಚುಕ್ಕಿ ಮಾವ. ಲೆನ್ಸ್ ತೆಗೀರಿ, ದಯವಿಟ್ಟು."

ಇವು ಪ್ರೂಫ್ ನಾಣ್ಯಗಳು. ಕೈಯಿಂದ ಕೈಗೆ ಓಡಾಡಲು ಹುಟ್ಟಿದವಲ್ಲ, ನೋಡಲಿಕ್ಕೆಂದೇ ಎರಡೆರಡು ಸಲ ಅಚ್ಚೊತ್ತಿದವು. ನೂರೈವತ್ತು ವರ್ಷವಾದರೂ ನಾಣ್ಯದ ಮೇಲಿನ ರಾಣಿಯ ಮುಖ ಹಿಮದಂತೆ ಬೆಳ್ಳಗೆ. ಸುತ್ತಲಿನ ಬಯಲು ಕನ್ನಡಿಯಂತೆ ನುಣ್ಣಗೆ. ಯಾರಾದರೂ ಅಕ್ಕರೆಯಿಂದ ಒಂದು ಸಲ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು, ಕೂದಲೆಳೆಯಂಥ ಗೀರು ಬಿದ್ದು ಎಪ್ಪತ್ತಕ್ಕೆ ಹಾಕುವ ಗ್ರೇಡಿನಲ್ಲಿ ನಾಲ್ಕೈದು ಅಂಕಿ ಇಳಿದುಹೋಗುತ್ತದೆ.

ಅತ್ತಿಗೆ ಸರಾಗವಾಗಿ ಹೇಳುತ್ತ ಹೋದರು. ಮೂರನೆಯದರಲ್ಲಿ ಉದ್ದದ ಗೀರೊಂದು ಕಂಡಿತು. "ಇದು ಬಯಲಿಂದ ಕೆನ್ನೆ ಮೇಲೆ ಹತ್ತಿ ಅಂಚಿನ ತನಕ ತಡೆಯಿಲ್ಲದೆ ಹೋಗಿದೆ ನೋಡೇ. ಗೀರು ಬಿದ್ದಿರೋದು ನಾಣ್ಯ ಇಟ್ಟಿರೋ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ. ನಾಣ್ಯದ್ದೇ ಆಗಿದ್ರೆ ಕೆನ್ನೆ ಹತ್ರ ಬಂದು ತುಂಡಾಗ್ತಿತ್ತು. ಅರವತ್ತಾರು ಹಾಕು." ನಾಲ್ಕನೆಯದು ಮಾತ್ರ ಕೈಕೊಟ್ಟಿತು. ಅರವತ್ತೊಂದೋ ಅರವತ್ತನಾಲ್ಕೋ ಎಂದು ಬಹಳ ಹೊತ್ತು ಒದ್ದಾಡಿ, ಅರವತ್ತನಾಲ್ಕು ಹಾಕಿಸಿ, "ಇದೊಂದು ಹೋಯ್ತು ಅಂದ್ಕೋ" ಎಂದರು. ಇನ್ನು ಒಂದೂ ತಪ್ಪುವಂತಿರಲಿಲ್ಲ.

ಏಳನೆಯದನ್ನು ತೆರೆದೊಡನೆ ಅವರ ಮುಖ ಅರಳಿತು. "ಇದು ನಂಗೊತ್ತು! ಚಳಿಗಾಲದಲ್ಲಿ ಬಂದಿದ್ದು. ಕತ್ತಿನ ಪಕ್ಕ ಕಲೆ ಇದೆ ಅಂತ ಯಜಮಾನ್ರು ಅರವತ್ತೆರಡು ಹೇಳಿದ್ರು. ಚೀಟಿ ಅಂಟಿಸಿದ್ದೇ ನಾನು. ಬರಿ, ಅರವತ್ತೆರಡು."

ಬರೆದೆ. ಆದರೂ ಅಭ್ಯಾಸಬಲದಿಂದ ಅವರು ಎರಡನೆಯ ಫೋಟೋ ತೆರೆದರು. ಒಂದೊಂದು ನಾಣ್ಯಕ್ಕೂ ಮೂರು ಫೋಟೋ: ನೇರಕ್ಕೊಂದು, ಎಡಕ್ಕೆ ವಾಲಿಸಿ ಒಂದು, ಬಲಕ್ಕೊಂದು. ಯಜಮಾನರು ಗ್ರೇಡ್ ಹೇಳುತ್ತಿದ್ದುದು ನೇರದ್ದೊಂದನ್ನೇ ನೋಡಿ. ಎರಡನೆಯದರಲ್ಲಿ ಕಲೆ ಕತ್ತಿನ ಪಕ್ಕ ಇರಲಿಲ್ಲ. ರಾಣಿಯ ಮೂಗಿನ ಮುಂದಿತ್ತು.

"ಕಲೆಗೆ ಕಾಲು ಬಂತಾ?" ಎಂದರು ಅಪ್ಪ.

ಅತ್ತಿಗೆ ಹಿಗ್ಗಿಸಿದರು. ಕಲೆ ಕೆಂಪಗಾಯಿತು. ಇನ್ನಷ್ಟು ಹಿಗ್ಗಿಸಿದರೆ ಅದಕ್ಕೆ ಒಂದು ಮೊಣಕೈ ಬಂತು, ಎರಡು ಗುಂಡಿ ಬಂದವು, ಮೇಲೊಂದು ಮಸುಕು ಮುಖ, ಆ ಮುಖದ ಬಾಯಲ್ಲಿ ಕಚ್ಚಿಕೊಂಡ ಹೇರ್‌ಪಿನ್ನು.

"ಅತ್ತಿಗೆ," ಎಂದೆ, "ಆ ಸ್ವೆಟರ್..."

"ಬಾಯ್ಮುಚ್ಚೇ."

"ಆ ಪಿನ್ನು..."

ಅಷ್ಟೇ. ಅತ್ತಿಗೆ ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದರು. ನಾನು ಕುರ್ಚಿಯಿಂದ ಜಾರಿ ನೆಲಕ್ಕೆ ಕೂತೆ. ಅಪ್ಪ ಗಂಭೀರವಾಗಿ, "ಕಲೆಗೆ ಆರೋಗ್ಯ ಚೆನ್ನಾಗಿದೆ, ದಿನಾ ಎರಡು ಹೊತ್ತು ಊಟ ಮಾಡತ್ತೆ" ಎಂದಾಗ ಅತ್ತಿಗೆ ಉಸಿರಿಗಾಗಿ ಕೈ ಬೀಸಿದರು. ನಿಲ್ಲಿಸಬೇಕೆಂದು ಒಬ್ಬರ ಮುಖ ಒಬ್ಬರು ನೋಡಿದರೆ ಮತ್ತೆ ಶುರು.

ಕಣ್ಣೊರೆಸಿಕೊಳ್ಳುವಾಗ ನನಗೆ ಹೊಳೆಯಿತು. "ಆದ್ರೆ ಯಜಮಾನ್ರ ಹಾಳೇಲಿ ಅರವತ್ತೆರಡೇ ಇರತ್ತಲ್ವಾ?"

ಅತ್ತಿಗೆಯ ನಗು ನಿಂತಿತು. ಕಲೆಯಿಲ್ಲದಿದ್ದರೆ ಅದು ಅರವತ್ತೈದರ ನಾಣ್ಯ. ನಿಜ ಬರೆದರೆ ಎಂಟೇ ಹೊಂದುತ್ತವೆ. ಕೆಲಸ ಅಕ್ಕನ ಮಗನದು. ಸುಳ್ಳು ಬರೆದರೆ ಒಂಬತ್ತು.

"ಇರ್ಲಿ ಬಿಡಿ ಅತ್ತಿಗೆ. ಕೆಲಸ ಸಿಕ್ಕಮೇಲೆ ಸರಿಮಾಡಿದ್ರಾಯ್ತು."

ಅವರು ಪರದೆಯನ್ನೇ ನೋಡುತ್ತ ಕೂತರು. ಅಲ್ಲಿ ಪಿನ್ನು ಕಚ್ಚಿಕೊಂಡ ಅವರೇ ಇವರನ್ನು ನೋಡುತ್ತಿದ್ದರು. ಕೊನೆಗೆ, "ಇವಳನ್ನ ನೋಡಿದ್ಮೇಲೂ ಕಲೆ ಅಂತ ಹೇಗೇ ಬರೀಲಿ?" ಎಂದವರೇ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಅರವತ್ತೆರಡನ್ನು ಹೊಡೆದು ಅರವತ್ತೈದು ಬರೆದರು.

ಒಂದು ಗಂಟೆಗೆ ಸರಿಯಾಗಿ ಅಂಗಡಿಯಲ್ಲಿದ್ದೆವು. ಅಪ್ಪನೂ ಬಂದರು; ಬರಬೇಡಿ ಎನ್ನಲು ಯಾರಿಗೂ ಧೈರ್ಯವಿರಲಿಲ್ಲ. ಯಜಮಾನರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಗುರುತು ಹಾಕುತ್ತ ಬಂದರು. ನಾಲ್ಕಕ್ಕೆ ತಪ್ಪು. ಐದು, ಆರು ಸರಿ. ಏಳರಲ್ಲಿ ಪೆನ್ಸಿಲ್ ನಿಂತಿತು.

"ಅರವತ್ತೈದಾ? ಕಲೆ ಕಾಣ್ಲಿಲ್ವೇನಮ್ಮ?"

"ಕಾಣ್ತು ಸಾರ್. ಅದು ನಾನು."

"ಏನು?"

"ಆ ಕಲೆ ನಾನೇ ಸಾರ್. ಫೋಟೋ ತೆಗೆಯುವಾಗ ನಾಣ್ಯದೊಳಗೆ ಬಿದ್ದಿದೀನಿ."

ಯಜಮಾನರು ಎದ್ದು ಬೀರು ತೆರೆದರು. ಕಲೆಯ ಕಾರಣಕ್ಕೆ ಯಾರೂ ಕೇಳದ ಆ ನಾಣ್ಯ ಡಬ್ಬಿಯಲ್ಲಿ ಹಾಗೇ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು, ದೊಡ್ಡ ಲೆನ್ಸಿಟ್ಟು, ಇತ್ತ ವಾಲಿಸಿ ಅತ್ತ ವಾಲಿಸಿ ನೋಡಿದರು. ನಾನು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

"ಇದೆ," ಎಂದರು ಯಜಮಾನರು. "ಇಲ್ಲೊಂದು ದೊಡ್ಡ ಕಲೆ ಇದ್ದೇ ಇದೆ." ಅತ್ತಿಗೆಯ ಮುಖ ಬಿಳುಚಿತು. ಯಜಮಾನರು ತಲೆಯನ್ನು ಮೆಲ್ಲಗೆ ಆಡಿಸಿದರು, ಮತ್ತೆ ಆಡಿಸಿದರು. "ಅಲುಗಾಡ್ತಿದೆ. ಅಯ್ಯೋ! ಇದು ನನ್ನ ಮೂಗು!"

ಆಮೇಲೆ ಅವರು ನಕ್ಕದ್ದು ಕೆಮ್ಮಿಗೆ ತಿರುಗಿ, ಅಪ್ಪ ಹೋಗಿ ಬೆನ್ನು ತಟ್ಟಬೇಕಾಯಿತು. "ನಿಮ್ಮ ಮೂಗಿಗೆ ಎಷ್ಟು ಕೊಡಬಹುದು ಸಾರ್, ಅರವತ್ತೈದಾ?" ಎಂದು ಅಪ್ಪ ಕೇಳಿ ಅದನ್ನು ಇನ್ನಷ್ಟು ಹೆಚ್ಚಿಸಿದರು.

ಕೆಮ್ಮು ನಿಂತ ಮೇಲೆ ಯಜಮಾನರು ತಮ್ಮ ಹಾಳೆಯಲ್ಲಿ ತಮ್ಮದೇ ಅಂಕಿಯನ್ನು ಹೊಡೆದುಹಾಕಿದರು. "ನನ್ನದು ತಪ್ಪು, ನಿಮ್ಮದು ಸರಿ." ಉಳಿದ ಮೂರಕ್ಕೂ ಗುರುತು ಹಾಕಿದರು. "ಒಂಬತ್ತು." ಹೇಳಿದವರೇ ಏನೋ ನೆನಪಾಗಿ ಪೆಚ್ಚಾದರು. "ಅಲ್ಲಮ್ಮ, ಈ ಎರಡು ವರ್ಷದಲ್ಲಿ ನಿಮ್ಮನ್ನ ಇನ್ನೆಷ್ಟು ಸಲ ಕಲೆ ಅಂತ ಬರೆಸಿದೀನೋ?"

ಬೀರುವಿನ ಕೆಳಗಿನ ಖಾನೆ ಎಳೆದರು. ಕಲೆ, ಕಲೆ, ಕಲೆ ಎಂದು ಅತ್ತಿಗೆಯ ಕೈಬರಹದ ಚೀಟಿ ಹೊತ್ತ ಇಪ್ಪತ್ಮೂರು ಡಬ್ಬಿಗಳು ಸಾಲಾಗಿ ನಿಂತಿದ್ದವು.

"ನಾಳೆವರೆಗೆ ಯಾಕೆ ಕಾಯೋದು? ಕೂತ್ಕೊಳ್ಳಿ," ಎಂದು ಅವರೇ ಪಕ್ಕಕ್ಕೆ ಸರಿದು ಅತ್ತಿಗೆಯ ಹಿಂದೆ ನಿಂತರು. ಅತ್ತಿಗೆ ಮೊದಲ ಡಬ್ಬಿ ಎತ್ತಿ ಲೆನ್ಸ್ ಹಿಡಿದರು. ನಗು ತಡೆಯಲಾರದೆ ಉಸಿರು ಬಿಟ್ಟದ್ದಕ್ಕೆ ಡಬ್ಬಿಯೆಲ್ಲ ಮಬ್ಬಾಯಿತು. ಅದು ತಿಳಿಯಾಗುವ ತನಕ ನಾವು ನಾಲ್ವರೂ ಉಸಿರು ಬಿಗಿಹಿಡಿದು ಕಾದೆವು.