ಮೊಳೆ ನಡುಮಧ್ಯದಲ್ಲೇ ಇತ್ತು

ಎಲ್ಲರೂ ತಯಾರಾಗಿ, ಚೀಲ ಹೆಗಲಿಗೇರಿಸಿ, ಬಾಗಿಲಿಗೆ ಬೀಗ ಹಾಕುವ ಹೊತ್ತಿಗೇ ಗಾಡಿ ಕೈಕೊಡುತ್ತದೆ. ಇದು ಯಾವ ಮನೆಯಲ್ಲಿ ಆಗಿಲ್ಲ ಹೇಳಿ! ಬೇಕರಿ ನಡೆಸುವ ಬನ್ನಣ್ಣನ ಮನೆಯಲ್ಲೂ ಅವತ್ತು ಅದೇ ಆಯಿತು.

ಬನ್ನಣ್ಣ ಅನ್ನುವುದು ಬೀದಿಯವರು ಇಟ್ಟ ಹೆಸರು. ಇಪ್ಪತ್ತು ವರ್ಷ ಒಲೆಯ ಮುಂದೆ ಬನ್ನು, ಬ್ರೆಡ್ಡು ಸುಟ್ಟ ಮೇಲೆ ಅಸಲಿ ಹೆಸರು ಅವನಿಗೇ ಮರೆತಂತಾಗಿತ್ತು. ಹೋದ ವರ್ಷ ಅವನು ಬಹುದಿನದ ಆಸೆಯೊಂದನ್ನು ತೀರಿಸಿಕೊಂಡಿದ್ದ. ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು! ಯಾರೋ ಓಡಿಸಿ ಮಾರಿದ್ದೇ, ಆದರೂ ಅವನ ಪಾಲಿಗೆ ಹೊಚ್ಚ ಹೊಸದು. ಭಾನುವಾರ ಅವನು ಅದನ್ನು ಒರೆಸುತ್ತ ಕೂತರೆ ಹೆಂಡತಿ ಕಿಟಕಿಯಿಂದಲೇ ಕೇಳುತ್ತಿದ್ದಳು, "ನನ್ನ ಮುಖಾನ ಯಾವತ್ತಾದ್ರೂ ಇಷ್ಟು ಹತ್ರದಿಂದ ನೋಡಿದ್ದೀರಾ?"

ಅವತ್ತು ಹದಿನೈದು ವರ್ಷದ ಮಗಳಿಗೆ ಈಜಿನ ಆಯ್ಕೆ ಸ್ಪರ್ಧೆ. ದೊಡ್ಡ ಊರಿನಲ್ಲಿ, ಮಧ್ಯಾಹ್ನ ಎರಡಕ್ಕೆ. ಹೆದ್ದಾರಿಯಲ್ಲಿ ಮೂರು ಗಂಟೆಯ ದಾರಿ. "ಎಲ್ಲರ ಮುಂದೆ ಕೆಂಪು ಕಾರಲ್ಲೇ ನಿನ್ನ ಇಳಿಸ್ತೀನಿ ನೋಡು" ಎಂದು ವಾರದಿಂದ ಅಪ್ಪ ಹೇಳಿದ್ದೇ ಹೇಳಿದ್ದು.

ಬೆಳಿಗ್ಗೆ ಎಂಟಕ್ಕೆ ನೋಡಿದರೆ ಹಿಂದಿನ ಚಕ್ರ ನೆಲಕ್ಕೆ ಅಂಟಿಕೊಂಡಿತ್ತು.

ಬನ್ನಣ್ಣ ಓಡಿಹೋಗಿ ಬಗ್ಗಿ ನೋಡಿದ. ಆದರೆ ಅವನಿಗೆ ಆಶ್ಚರ್ಯವಾಗಲಿಲ್ಲ. ಹಿಂದಿನ ದಿನ ಈಜುಕೊಳದಿಂದ ಬರುವಾಗಲೇ ಕಾರು ಒಂದು ಕಡೆ ಎಳೆಯುತ್ತಿತ್ತು. ನಡುದಾರಿಯಲ್ಲಿ ನಿಲ್ಲಿಸಿ ಜನರ ಮುಂದೆ ಬಗ್ಗಿ ನೋಡಲು ನಾಚಿಕೆಯಾಗಿ, ಹಾಗೇ ಮನೆಗೆ ತಂದಿದ್ದ. ಡಿಕ್ಕಿಯಲ್ಲಿದ್ದ ಪುಟ್ಟ ಪಂಪಿನಿಂದ ಗಾಳಿ ತುಂಬಿ, ಸರಿಹೋಯಿತು ಅಂದುಕೊಂಡಿದ್ದ. ಈಗ ಮತ್ತೆ ಗಾಳಿ ತುಂಬಿ, ತೆವಳುತ್ತ, ಬೀದಿ ಕೊನೆಯ ಟೈರ್ ಅಂಗಡಿಗೆ ಬಂದ. ಆ ಕಾರಿಗೆ ಸ್ಟೆಪ್ನಿಯೇ ಇಲ್ಲ. ಡಿಕ್ಕಿಯಲ್ಲಿ ಅದಕ್ಕೆ ಜಾಗವನ್ನೇ ಕೊಟ್ಟಿಲ್ಲ. ಮಗಳು ಈಜಿನ ಚೀಲ ತಬ್ಬಿಕೊಂಡು ಜೊತೆಗೇ ಬಂದಳು.

ಅಂಗಡಿಯ ಒಡತಿ ಟೈರಕ್ಕ ಅವನ ಜೊತೆ ಶಾಲೆಯಲ್ಲಿ ಓದಿದವಳು. ಆಗಿನಿಂದ ಏಕವಚನದ ಸಲಿಗೆ.

"ತೂತಿಗೆ ಒಂದು ರಬ್ಬರ್ ಬತ್ತಿ ತೂರ್ಸಿ ಬಿಡು ಟೈರಕ್ಕ. ಹತ್ತು ನಿಮಿಷದ ಕೆಲ್ಸ. ಒಂಬತ್ತೂವರೆಗೆಲ್ಲ ನಾನು ಹೆದ್ದಾರಿಲಿ ಇರ್ಬೇಕು."

ಟೈರಕ್ಕ ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರಕ್ಕೆ ಸೋಪಿನ ನೀರು ಹಾಕಿದಳು. ಒಂದು ಕಡೆ ಗುಳುಗುಳು ಗುಳ್ಳೆ ಎದ್ದಿತು. ಸಣ್ಣದೊಂದು ಮೊಳೆ.

ಬನ್ನಣ್ಣ ಕುಣಿದೇಬಿಟ್ಟ. "ನೋಡು! ನಡುಮಧ್ಯಕ್ಕೇ ಚುಚ್ಚಿದೆ. ನಡುವೆ ಇದ್ರೆ ರಿಪೇರಿ ಆಗುತ್ತೆ ಅಂತ ನಾನೂ ಓದ್ಕೊಂಡೇ ಬಂದಿದ್ದೀನಿ."

"ನೀನು ಓದಿದ್ದು ಸರಿ. ಪಕ್ಕದಲ್ಲೋ ಅಂಚಲ್ಲೋ ಚುಚ್ಚಿದ್ರೆ ನಾನು ಮುಟ್ತಾನೂ ಇರ್ಲಿಲ್ಲ. ಓಡುವಾಗ ಆ ಭಾಗ ಬಳುಕ್ತಾನೇ ಇರುತ್ತೆ, ತೇಪೆ ನಿಲ್ಲಲ್ಲ. ಇದು ನಡುವೆ ಇದೆ, ತೂತೂ ಸಣ್ಣದು. ಆದ್ರೆ ಬಿಚ್ಚಿ ಒಳಗಡೆ ನೋಡ್ಬೇಕು."

"ಬಿಚ್ಚೋದ್ಯಾಕೆ? ಹೊರಗಿಂದ್ಲೇ..."

"ಗಾಳಿ ಇಲ್ದೆ ಎಷ್ಟು ದೂರ ಓಡಿಸಿದ್ದೀಯ?"

ಬನ್ನಣ್ಣ ಗೋಡೆ ಗಡಿಯಾರ ನೋಡಿದ. "ಎಲ್ಲಿ, ನಾಲ್ಕು ಹೆಜ್ಜೆ."

ಮಗಳು ತಲೆಯೆತ್ತಿದಳು. "ಅಪ್ಪಾ, ನಿನ್ನೆ ಸೇತುವೆಯಿಂದ ಮನೆ ತನಕ ಗಡಗಡ ಅಂತಿತ್ತಲ್ಲ?"

ಟೈರಕ್ಕ ಸ್ಪ್ಯಾನರ್ ಎತ್ತಿಕೊಂಡಳು. ಚಕ್ರ ಕಳಚಿ, ಯಂತ್ರಕ್ಕೆ ಕೊಟ್ಟು ಟೈರ್ ಬಿಡಿಸಿದಳು. ಬನ್ನಣ್ಣ ಅಂಗಡಿಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಿದ. ಬಾಗಿಲಿಗೆ ಹೋದ, ಬಂದ. ಗಡಿಯಾರದ ಮುಳ್ಳು ಇವನಿಗಿಂತ ಜೋರಾಗಿ ನಡೆಯುತ್ತಿದೆ ಅನ್ನಿಸಿತು.

"ಇಲ್ಲಿ ಬಾ. ಕೈ ಕೊಡು." ಟೈರಕ್ಕ ಅವನ ಬೆರಳನ್ನು ಟೈರಿನ ಒಳಗೆ ಸುತ್ತಲೂ ಸವರಿಸಿದಳು. ಬೆರಳು ಕಪ್ಪಾಯಿತು. ತರಿತರಿಯಾದ ಕಪ್ಪು ಪುಡಿ.

"ಕೊಳೆ ಕೂತಿದೆ," ಅಂದ ಬನ್ನಣ್ಣ.

"ಕೊಳೆ ಅಲ್ಲ ಬನ್ನಣ್ಣ. ಇದು ಟೈರೇ. ಗಾಳಿ ಇಲ್ದೆ ಓಡಿದಾಗ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಒಳಗೊಳಗೇ ಅರೆದು ಹೋಗಿದೆ. ತಂತಿನ ಮಡಚಿ ಮಡಚಿ ಬಿಟ್ರೆ ತುಂಡಾಗಲ್ವಾ? ಇದರ ಪಕ್ಕೆಗಳೂ ಹಾಗೇ ಆಗಿವೆ. ನಿನ್ನ ಕಾರಿನ ಟೈರಿಗೆ ಪಕ್ಕೆ ಅನ್ನೋದು ಇರೋದೇ ನಾಲ್ಕು ಬೆರಳಗಲ. ಬೇಗ ಜಜ್ಜಿ ಹೋಗುತ್ತೆ. ಹೊರಗಡೆ ಮಾತ್ರ ಫಳಫಳ."

"ಮೂರೇ ಗಂಟೆ ದಾರಿ. ನಿಧಾನಕ್ಕೆ ಹೋಗ್ತೀನಿ."

"ನೀನು? ಆ ಕಾರಲ್ಲಿ? ನಿಧಾನಕ್ಕೆ?"

ಮಗಳು ಕಿಸಕ್ಕೆಂದು ನಕ್ಕಳು. ಬನ್ನಣ್ಣನಿಗೆ ರೇಗಿತು. "ಹೊಸ ಟೈರ್ ಮಾರೋಕೆ ಎಲ್ಲರೂ ಹೀಗೇ ಹೆದರಿಸ್ತಾರೆ ಬಿಡು!"

ಅಂದ ಮೇಲೆ ಅವನಿಗೇ ಕೆಡುಕೆನಿಸಿತು. ಟೈರಕ್ಕ ಒರೆಸುವ ಬಟ್ಟೆ ಅವನ ಕೈಗೆ ಕೊಟ್ಟಳು.

"ನಿನ್ನ ಅಳತೆ ಟೈರ್ ನನ್ನತ್ರ ಇವತ್ತು ಇಲ್ಲ. ತರಿಸ್ಬೇಕು, ನಾಳೆ ಬರುತ್ತೆ. ಮಾರೋಕೆ ಹೇಳ್ತಿಲ್ಲ ಕಣೋ. ಬತ್ತಿ ತೂರ್ಸಿ ನಿನ್ನ ಕಳಿಸಿಬಿಡೋದು ನನಗೆ ಸುಲಭ. ಗಾಳಿನೂ ನಿಲ್ಲುತ್ತೆ. ಆಮೇಲೆ ಹೆದ್ದಾರಿಲಿ ಟೈರ್ ಬಿಸಿಯಾಗುತ್ತೆ, ಸೋತ ಪಕ್ಕೆ ಒಡೆಯುತ್ತೆ. ಆಗ ಪಕ್ಕದ ಸೀಟಲ್ಲಿ ಯಾರು ಕೂತಿರ್ತಾರೆ, ಹೇಳು."

ಮಗಳು ನಗುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡುತ್ತಿದ್ದಳು. ಬನ್ನಣ್ಣ ಬೆರಳನ್ನು ಬಟ್ಟೆಗೆ ಉಜ್ಜಿದ. ಕಪ್ಪು ಹೋಗಲಿಲ್ಲ, ಮತ್ತೆ ಉಜ್ಜಿದ.

"ಡಿಕ್ಕಿಲಿ ತೂತು ಮುಚ್ಚೋ ಅಂಟಿನ ಕ್ಯಾನ್ ಇದೆ. ಅದನ್ನಾದ್ರೂ..." ಅವನ ದನಿ ಸಣ್ಣಗಾಗಿತ್ತು.

"ಅದು ದಾರಿಲಿ ಸಿಕ್ಕಿಹಾಕ್ಕೊಂಡ್ರೆ ಹತ್ತಿರದ ಅಂಗಡಿ ತನಕ ಮೆಲ್ಲಗೆ ಬರೋಕೆ. ಅದೂ ಟೈರ್ ಜಜ್ಜಿಹೋಗ್ದೆ ಇದ್ರೆ."

ಅಷ್ಟರಲ್ಲಿ ತಿಂಡಿಯ ಡಬ್ಬಿ ಹಿಡಿದು ಹೆಂಡತಿ ಓಡಿಬಂದಳು. ವಿಷಯ ಕೇಳಿ, "ಬ್ರೆಡ್ ಹಂಚೋ ವ್ಯಾನ್ ಏನಾಯ್ತು? ಅದಕ್ಕೆ ನಾಲ್ಕು ಚಕ್ರ ಇಲ್ವಾ?" ಅಂದಳು.

"ಆ ಡಬ್ಬಾ ವ್ಯಾನಲ್ಲಾ? ಎಲ್ಲರ ಮುಂದೆ?"

"ಅಪ್ಪಾ," ಅಂದಳು ಮಗಳು, "ನನಗೆ ಹೊತ್ತಿಗೆ ಸರಿಯಾಗಿ ತಲುಪಬೇಕು. ಅಷ್ಟೇ."

ಒಂಬತ್ತೂ ಮುಕ್ಕಾಲಿಗೆ ವ್ಯಾನ್ ಹೊರಟಿತು. ದಾರಿಯುದ್ದಕ್ಕೂ ಹಿಂದಿನ ಖಾಲಿ ತಟ್ಟೆಗಳು ಲೊಟಲೊಟ ಅನ್ನುತ್ತಿದ್ದವು. ಎಲ್ಲ ಗಾಡಿಗಳೂ ಇವರನ್ನು ದಾಟಿ ಹೋದವು. ಬನ್ನಣ್ಣ ಸೀಟಿನಲ್ಲಿ ಮಿಸುಕಾಡಿದ, ಗಂಟೆ ಕೇಳಿದ, ಹತ್ತು ನಿಮಿಷಕ್ಕೆ ಮತ್ತೆ ಕೇಳಿದ. ಒಂದೆಡೆ ರಸ್ತೆಯಂಚಿನಲ್ಲಿ ಸೀಳಿ ಬಿದ್ದ ಟೈರಿನ ಉದ್ದನೆ ಕಪ್ಪು ತುಂಡು ಕಂಡಿತು. ಸ್ವಲ್ಪ ಮುಂದೆ ತಡೆಗಂಬಿ ಬಾಗಿ ಹೊರಗೆ ಚಾಚಿಕೊಂಡಿತ್ತು. ಯಾರದೋ ಏನೋ. ಮಗಳು ಕಿವಿಗೆ ಹಾಡು ಹಾಕಿಕೊಂಡು ಕಣ್ಣು ಮುಚ್ಚಿದ್ದಳು. ಅವಳ ಸೀಟ್ ಬೆಲ್ಟನ್ನು ಅವನು ಒಮ್ಮೆ ಎಳೆದು ನೋಡಿದ. ಆಮೇಲೆ ಗಂಟೆ ಕೇಳಲಿಲ್ಲ.

ಒಂದೂವರೆಗೆ ತಲುಪಿದರು. ಮಗಳು ನಾಲ್ಕನೆಯವಳಾಗಿ ಗೋಡೆ ಮುಟ್ಟಿದಳು. ತಂಡಕ್ಕೆ ಮೂರೇ ಜನ. ಇವಳದು ಬದಲಿ ಈಜುಗಾರರ ಪಟ್ಟಿಯಲ್ಲಿ ಮೊದಲ ಹೆಸರು.

"ನಾನೇ ತಡ ಮಾಡಿ ನಿನ್ನ ತಲೆ ಕೆಡಿಸಿದೆ," ಅಂದ ಬನ್ನಣ್ಣ.

"ಕೆಂಪು ಕಾರಲ್ಲಿ ಬಂದಿದ್ರೂ ನಾಲ್ಕನೇದೇ ಅಪ್ಪಾ. ಆ ಮೂರೂ ಜನ ಮೀನುಗಳು," ಅಂದು ಮಗಳು ತಿಂಡಿಯ ಡಬ್ಬಿ ತೆರೆದಳು.

ಮರುದಿನ ಟೈರ್ ಬಂತು. ಅದೇ ಅಳತೆ, ಅಷ್ಟೇ ವೇಗ ತಾಳಿಕೊಳ್ಳುತ್ತದೆ ಎಂಬ ಗುರುತಿನದು. ಟೈರಕ್ಕ ಹಿಂದಿನ ಜೋಡಿಯ ಇನ್ನೊಂದು ಚಕ್ರವನ್ನೂ ನೋಡಿದಳು. "ಇದು ಸವೆದಿದ್ರೆ ಎರಡನ್ನೂ ಬದಲಾಯ್ಸು ಅಂತಿದ್ದೆ. ಇನ್ನೂ ಚೆನ್ನಾಗಿದೆ, ಒಂದೇ ಸಾಕು."

"ಹಳೇದನ್ನ ಕತ್ತರಿಸಿ ಬಿಸಾಕು ಟೈರಕ್ಕ. ಯಾರಾದ್ರೂ ಹೊರಗಡೆ ಹೊಳಪು ನೋಡಿ ಹಾಕ್ಕೊಂಡಾರು," ಅಂದ ಬನ್ನಣ್ಣ. ಆಮೇಲೆ ತಲೆ ಕೆರೆದುಕೊಂಡು, "ನಿನ್ನೆ ಅಂದಿದ್ದು... ಮನಸ್ಸಲ್ಲಿ ಇಟ್ಕೋಬೇಡ."

"ಇಟ್ಕೊಳ್ಳೋಕೆ ಜಾಗ ಎಲ್ಲಿದೆ, ಅಂಗಡಿ ತುಂಬಾ ಟೈರು!" ಅಂದು ಅವಳು ಗರಗಸ ತೆಗೆದಳು.

ತಿಂಗಳಾದ ಮೇಲೆ ವ್ಯಾನಿನ ಚಕ್ರಕ್ಕೂ ಮೊಳೆ ಚುಚ್ಚಿತು. ಈ ಸಲ ಬನ್ನಣ್ಣ ಸಂತೆಯಂಥ ರಸ್ತೆಯಲ್ಲೇ ಗಾಡಿ ಪಕ್ಕಕ್ಕೆ ಹಾಕಿ, ಎಲ್ಲರೆದುರು ಬಗ್ಗಿ ಚಕ್ರ ಬದಲಿಸಿದ. ಟೈರಕ್ಕ ಬಿಚ್ಚಿ ನೋಡಿದರೆ ಒಳಗೆಲ್ಲ ನುಣ್ಣಗಿತ್ತು. ಒಳಗಿನಿಂದ ತೂತು ತುಂಬಿ, ಮೇಲೆ ತೇಪೆ ಅಂಟಿಸಿಕೊಟ್ಟಳು. ಆ ಟೈರ್ ಇವತ್ತಿಗೂ ಬ್ರೆಡ್ ಹೊತ್ತು ಓಡುತ್ತಿದೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಪಂಕ್ಚರ್ ಆದ ಪ್ರತಿ ಟೈರನ್ನೂ ಎಸೆಯಬೇಕಿಲ್ಲ, ಪ್ರತಿಯೊಂದನ್ನೂ ಉಳಿಸಲೂ ಆಗುವುದಿಲ್ಲ. ಗಾಳಿ ಇಳಿದಿದೆ ಅನ್ನಿಸಿದ ಕೂಡಲೇ ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ. ಅಂಚಿಗೋ ಪಕ್ಕಕ್ಕೋ ಚುಚ್ಚಿದ್ದರೆ, ತೂತು ದೊಡ್ಡದಿದ್ದರೆ, ಟೈರ್ ಸವೆದು ಹಳತಾಗಿದ್ದರೆ ಬದಲಿಸಿ. ನಡುವೆ ಚುಚ್ಚಿದ ಸಣ್ಣ ತೂತಾದರೂ ಟೈರ್ ಬಿಚ್ಚಿಸಿ, ಒಳಗೆ ನೋಡಿದ ಮೇಲೆಯೇ ರಿಪೇರಿ ಮಾಡಿಸಿ. ವೇಗದ ಕಾರಾದರೆ, ರಿಪೇರಿಯಾದ ಟೈರಿನಲ್ಲಿ ಎಷ್ಟು ಜೋರಾಗಿ ಓಡಿಸಬಹುದು ಎಂದು ಬಲ್ಲವರನ್ನು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಯಿಲ್ಲದೆ ಎಷ್ಟು ದೂರ ಓಡಿಸಿದಿರಿ ಎಂದು ಟೈರ್ ಅಂಗಡಿಯವರು ಕೇಳಿದಾಗ ನಿಜ ಹೇಳಿ. ಅವರು ಬೈಯಬಹುದು, ನಗಬಹುದು. ಬೈಸಿಕೊಂಡೇ ಮನೆಗೆ ಬನ್ನಿ.