ಪಾಲಕರ ಸಭೆಗೆ ಹೋದ ಮೈಕು

ನಾನು ಒಂದು ಮೈಕು. ತಂತಿಯ ಬಾಲವಿರುವ, ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುವ ಹಳೇ ಕಾಲದ ಕಬ್ಬಿಣದ ಮೈಕು. ದಿಲ್ಲಿ ಕಡೆಯ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ನನಗೆ ಜಾಲರಿಯ ತಲೆ ಕೂರಿಸಿದವನು ಮೊದಲು ಮಾಡಿದ ಕೆಲಸವೆಂದರೆ ಅದರ ಮೇಲೆ ರಪ್ಪನೆ ಬಡಿದು ‘ಹಲೋ’ ಎಂದದ್ದು. ಅಂದಿನಿಂದ ನನ್ನನ್ನು ಹಿಡಿದವರೆಲ್ಲ ಮೊದಲು ತಲೆಗೆ ಹೊಡೆದು ಆಮೇಲೆ ಬಾಯಿ ತೆರೆಯುತ್ತಾರೆ. ಮನುಷ್ಯರ ಬುದ್ಧಿಯೇ ಅಷ್ಟು.

ಗದಗದ ಆಚೆಯ ಒಂದು ಊರಿನ ಖಾದರಸಾಬರು ನನ್ನನ್ನು ಕೊಂಡರು. ಅವರದು ಮೈಕು ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಭಜನೆ, ಚುನಾವಣೆ ಎಂದು ಕೈಯಿಂದ ಕೈಗೆ ಓಡಾಡಿದೆ. ದೊಡ್ಡ ದೊಡ್ಡವರ ಉಗುಳು ನನ್ನ ಜಾಲರಿಗೆ ಹಾರಿದೆ. ಯಾರೂ ಒರೆಸಿದವರಿಲ್ಲ.

ಕೊರೊನಾದ ಮೂರನೇ ಅಲೆ ಎದ್ದ ಜನವರಿಯಲ್ಲಿ ಊರಿನ ಕಾನ್ವೆಂಟಿನಿಂದ ಕರೆ ಬಂತು. ಕ್ರಿಸ್ಮಸ್ ರಜೆ ಮುಗಿದಿತ್ತು. ಸೋಮವಾರ ಶಾಲೆ ತೆರೆಯಬೇಕೇ, ತೆರೆದರೆ ಗೇಟಿನಲ್ಲೇ ಪ್ರತಿ ಮಗುವಿನ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಬೇಕೇ ಎಂದು ಪಾಲಕರನ್ನು ಕೇಳುವ ಸಭೆ. ದೂರ ದೂರ ಕೂರಲೆಂದು ಮೈದಾನದಲ್ಲಿ ಸುಣ್ಣದ ವೃತ್ತ ಬರೆದು ಕುರ್ಚಿ ಇಟ್ಟಿದ್ದರು. ಕೊನೆಯ ಸಾಲಿಗೂ ಕೇಳಲೆಂದು ಖಾದರಸಾಬರು ಬೇವಿನ ಮರಕ್ಕೆ ಎರಡು ಹಾರ್ನು ಕಟ್ಟಿದರು.

ಹೆಡ್‌ಮಿಸ್ ಸಿಸ್ಟರ್ ಅನ್ಸಿಲ್ಲಾ ಮಾತು ಮುಗಿಸುವುದರೊಳಗೆ ನನಗಾಗಿ ಕಿತ್ತಾಟ ಶುರುವಾಯಿತು. ರೋಗ ಹರಡುತ್ತದೆ ಎಂದು ಕೂಗುವವರೂ ಮಾಸ್ಕನ್ನು ಗದ್ದಕ್ಕೆ ಇಳಿಸಿಯೇ ನನ್ನ ಮೇಲೆ ಕೂಗಿದರು.

“ಟೆಸ್ಟ್ ಮಾಡದ ಸಾಲಿ ತೆಗದ್ರ ಮನ್ಯಾಗಿನ ಮುದುಕರ ಗತಿ ಏನ್ರಿ?” ಎಂದ ಒಬ್ಬ ಕಿರಾಣಿ ಅಂಗಡಿಯವನು.

“ಪಾಸಿಟಿವ್ ಬಂದ್ರ ನಮ್ಮ ಬಾಗಲಿಗೆ ಟೇಪ್ ಸುತ್ತತಾರ. ನೀ ಬಂದು ನಮ್ಮ ಹೊಟ್ಟಿ ತುಂಬಸ್ತೀ ಏನಲೇ?” ಎನ್ನುತ್ತ ಇನ್ನೊಬ್ಬ ಅವನ ಕಾಲರ್ ಹಿಡಿದ.

ಊರಿನ ಭಯವೆಲ್ಲ ಆ ಟೇಪಿನದೇ. ಸೋಂಕು ಬಂದ ಮನೆಯ ಬಾಗಿಲಿಗೆ ಪಟ್ಟಣ ಪಂಚಾಯತಿಯವರು ಅಡ್ಡಡ್ಡ ಟೇಪು ಸುತ್ತಿ ಹೋಗುತ್ತಿದ್ದರು. ಒಳಗಿನವರು ಹೊರಗೆ ಬರುವಂತಿಲ್ಲ, ಹೊರಗಿನವರು ಒಳಗೆ ಹೋಗುವಂತಿಲ್ಲ.

ಆಗ ಫಕ್ಕೀರಪ್ಪ ನನ್ನನ್ನು ಕಿತ್ತುಕೊಂಡ. ಹತ್ತನೇ ಇಯತ್ತೆಯ ಸೌಂದರ್ಯಳ ದೊಡ್ಡಪ್ಪ ಅವನು. “ಟೆಸ್ಟೂ ಬ್ಯಾಡ, ಸಾಲಿನೂ ಬ್ಯಾಡ. ಸಂಕ್ರಾಂತಿ ಆಗಿ ಒಂದು ವಾರ ಹೋಗ್ಲಿ, ಆಮ್ಯಾಲ ನೋಡೂಣು” ಎಂದ. ಚಪ್ಪಾಳೆ ಬಿತ್ತು.

ಹಿಂದಿನ ಸಾಲಿನಿಂದ ಸೌಂದರ್ಯಳ ತಾಯಿ ಮಹಾದೇವಿ ಎದ್ದು ಬಂದಳು. ಎರಡನೇ ಅಲೆಯಲ್ಲಿ ಗಂಡನನ್ನು ಕಳೆದುಕೊಂಡು ಈ ಭಾವನ ಮನೆಯಲ್ಲೇ ಇದ್ದವಳು. ಭಾವನ ಎದುರು ಎಂದೂ ಸೆರಗು ಜಾರಗೊಡದ ಆ ಹೆಂಗಸು ಅವನ ಕೈಯಿಂದಲೇ ನನ್ನನ್ನು ಎಳೆದುಕೊಂಡಳು. ನನ್ನ ತಲೆಗೆ ಬಡಿಯಲಿಲ್ಲ.

“ಸಿಸ್ಟರ್, ಸೋಮವಾರನ ಸಾಲಿ ತೆಗೀರಿ. ಟೆಸ್ಟ್ ಮಾಡ್ರಿ, ಏನರ ಮಾಡ್ರಿ. ಧನುರ್ಮಾಸ ಮುಗಿಯೂದ ತಡ, ನನ್ನ ಮಗಳನ್ನ ಒಯ್ದು ಲಗ್ನ ಮಾಡ್ತಾರ್ರೀ. ಸಾಲಿ ತೆಗದ್ರ ಹುಡುಗಿ ಎಲ್ಲಿ ಅಂತ ನೀವರ ಕೇಳ್ತೀರಿ. ಆಕಿಗೆ ಇನ್ನೂ ಹದಿನೈದರೀ...”

ಫಕ್ಕೀರಪ್ಪ ನನ್ನನ್ನು ಕಸಿದು ಅವಳ ಹಣೆಗೇ ಅಪ್ಪಳಿಸಿದ. ನಾನು ಚಾಲೂ ಇದ್ದೆ. ಎಲುಬಿಗೆ ಕಬ್ಬಿಣ ಬಡಿದ ಸದ್ದು ಬೇವಿನ ಮರದಿಂದ ಊರಿಗೆಲ್ಲ ಕೇಳಿಸಿತು. ಅವಳು ಬಿದ್ದಳು. ಬಗ್ಗಿ ಮತ್ತೊಮ್ಮೆ ಬಡಿದ, ಈ ಸಲ ಕಣ್ಣಿನ ಮೇಲೆ. ನನ್ನ ಜಾಲರಿ ಒಳಕ್ಕೆ ಕುಸಿಯಿತು. ಅದರ ತೂತುಗಳಲ್ಲಿ ಬಿಸಿ ರಕ್ತ ಇಳಿಯಿತು. ಇದಕ್ಕೇ ಕಾದಿದ್ದವರಂತೆ ಉಳಿದ ಗಂಡಸರು ಕುರ್ಚಿ ಎತ್ತಿದರು. ಪರೀಕ್ಷೆ ಬೇಕೆನ್ನುವವರು ಬೇಡವೆನ್ನುವವರ ಬೆನ್ನಿಗೆ ಬಡಿದರು, ಬೇಡವೆನ್ನುವವರು ಬೇಕೆನ್ನುವವರ ತುಟಿ ಒಡೆದರು. ಕಿರಾಣಿಯವನ ಹಲ್ಲು ಸುಣ್ಣದ ವೃತ್ತದೊಳಗೆ ಉದುರಿತು. ಮಹಾದೇವಿಯನ್ನು ಎತ್ತಲು ಬಂದದ್ದು ಸಿಸ್ಟರ್ ಮತ್ತು ಖಾದರಸಾಬರು ಇಬ್ಬರೇ. ನನಗೆ ಹೇಸಿಗೆಯಾಯಿತು.

ಪೊಲೀಸರು ಬಂದರು. “ಮನಿ ಜಗಳ ಸಾಹೇಬ್ರ, ಲಗ್ನ ಗಿಗ್ನ ಏನಿಲ್ಲ” ಎಂದು ಫಕ್ಕೀರಪ್ಪ ಕೈಮುಗಿದ. ಸಂಜೆಗೆ ಬಿಟ್ಟು ಕಳಿಸಿದರು. ಸಿಸ್ಟರ್ ಮಾತ್ರ ಹಟ ಹಿಡಿದರು. ಉಳಿದವರಿಗೆ ರಜೆ ಮುಂದುವರಿಸಿ, ಹತ್ತನೆಯವರಿಗಷ್ಟೇ ಸೋಮವಾರ ಗೇಟು ತೆರೆದು ಪರೀಕ್ಷೆ ಮಾಡಿಸಿದರು. ಭಾವ ಏಳುವ ಮೊದಲೇ ಮಹಾದೇವಿ ಮಗಳ ಕೈಹಿಡಿದು ಕರೆದೊಯ್ದು ಮೂಗೊಡ್ಡಿಸಿದಳೆಂದು ಅಂಗಡಿಗೆ ಬಂದವರು ಆಡಿಕೊಂಡರು.

ಮುಂದೆ ಪಂಚಾಯತಿಯವರು ನನ್ನನ್ನು ಬಾಡಿಗೆಗೆ ಹಿಡಿದು ಆಟೋದಲ್ಲಿ ಕೂರಿಸಿದರು. ಸೋಂಕಿನ ಓಣಿಗಳಲ್ಲಿ ಎಚ್ಚರಿಕೆ ಕೂಗುವ ಕೆಲಸ. ನನ್ನ ದನಿ ಗೊಗ್ಗರಾಗಿತ್ತು, ಆದರೂ ಮಾತು ತಿಳಿಯುತ್ತಿತ್ತು. ಆಟೋ ಫಕ್ಕೀರಪ್ಪನ ಮನೆಯ ಮುಂದೆಯೇ ನಿಂತಿತು. ಸೌಂದರ್ಯಳಿಗೆ ಪಾಸಿಟಿವ್ ಬಂದಿತ್ತು.

ಅಲ್ಲೊಂದು ಜೀಪು ನಿಂತಿತ್ತು. ಹುಡುಗಿಯನ್ನು ತಮ್ಮ ಊರಿಗೆ ಒಯ್ಯಲು ಗಂಡಿನ ಕಡೆಯವರು ಬಂದಿದ್ದರು. ಫಕ್ಕೀರಪ್ಪ ಬೀದಿಗಿಳಿದು ಅವರನ್ನು ಎದುರುಗೊಳ್ಳುತ್ತಿದ್ದ. ಈ ಮನೆಯಲ್ಲಿ ಸೋಂಕಿದೆ ಎಂದು ನಾನು ಕೂಗಿದ್ದೇ ತಡ, ಬೀಗರು ಮೂಗು ಮುಚ್ಚಿಕೊಂಡು ಜೀಪು ಹತ್ತಿದರು. ಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಫಕ್ಕೀರಪ್ಪ ಬಾಗಿಲಿಗೆ ಒದ್ದ, ತಲೆಯಿಂದ ಗುದ್ದಿದ, “ಕಡದ ಹಾಕ್ತೀನಿ” ಎಂದು ಒದರಿದ. ಆಟೋದ ಜೊತೆ ಬಂದಿದ್ದ ಇಬ್ಬರು ಪೇದೆಗಳು ಲಾಠಿಯಿಂದ ಮೊಣಕಾಲಿಗೆ ಬಾರಿಸಿ ಅವನನ್ನು ಹಿಂದಕ್ಕೆ ಎಳೆದರು. ಅವನು ಬೀಸಿದ ಕಲ್ಲು ಆಟೋದ ಗಾಜು ಒಡೆದು ನನಗೇ ಬಡಿಯಿತು.

ಅಂದಿನಿಂದ ನಾನು ಮಾತಾಡಿಲ್ಲ. ಖಾದರಸಾಬರ ಕಪಾಟಿನ ಕೆಳಗೆ ಹಳೇ ವೈರುಗಳ ಜೊತೆ ಬಿದ್ದಿದ್ದೇನೆ. ಸಾವಿರ ಜನರ ಮಾತನ್ನು ದೊಡ್ಡದು ಮಾಡಿ ಊರಿಗೆ ಹಂಚಿದವನು ನಾನು, ಅದರಲ್ಲಿ ಹೆಚ್ಚಿನದು ಮರೆತೇ ಹೋಗಿದೆ. ನೆನಪಿರುವ ಒಂದು ಮಾತು ನನ್ನ ಮೂಲಕ ಬಂದದ್ದಲ್ಲ. ಕಲ್ಲೇಟು ತಿಂದು ಆಟೋದ ತಳದಲ್ಲಿ ಬಿದ್ದಿದ್ದಾಗ ಕೇಳಿದ್ದು. ಪಂಚಾಯತಿಯ ಆಳು ಬಾಗಿಲಿಗೆ ಟೇಪು ಸುತ್ತುತ್ತಿದ್ದ. ಪಕ್ಕದ ಕಿಟಕಿಗೆ ಮಹಾದೇವಿ ಬಂದಳು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಅವಳ ಬೆನ್ನ ಹಿಂದೆ ಹುಡುಗಿ ಕೆಮ್ಮುತ್ತಿದ್ದಳು.

“ಅಣ್ಣಾರ, ಟೇಪ್ ಉಳದಿದ್ರ ಇನ್ನೊಂದ್ ಸುತ್ತ ಹಾಕ್ರಿ” ಎಂದಳು.